ಶೇಂಗಾ ಒಲ್ಲದ ಅಳಿಯ

ಊಟದ ತಾಟು ಮುಂದೆ ಬಂದ ಕೂಡಲೇ ಬಾಗಿ ಒಮ್ಮೆ ಮೂಸಿ ನೋಡುವ ಚಾಳಿ ನನಗಿದೆ. ನೋಡುವವರಿಗೆ ಇದು ಬಹಳ ಕೆಟ್ಟದಾಗಿ ಕಾಣುತ್ತದೆಂದು ನನಗೂ ಗೊತ್ತು. ಮೊನ್ನೆ ಶಹಾಬಾದಿನಲ್ಲಿ ಗೆಳೆಯನೊಬ್ಬನ ಹೊಸ ಮನೆಯ ಊಟಕ್ಕೆ ಹೋಗಿದ್ದೆ. ಇನ್ನೂ ಹೊಳಪು ಮಾಸದ ಫರಸಿ ಕಲ್ಲಿನ ನೆಲದ ಮೇಲೆ ಸಾಲಾಗಿ ಕುಳಿತಿದ್ದೆವು. ಬದನೆಕಾಯಿ ಪಲ್ಯ ಬಡಿಸಿದ ತಕ್ಷಣ ನನ್ನ ತಲೆ ತಾನಾಗಿಯೇ ತಾಟಿನ ಮೇಲೆ ಬಾಗಿತು. ಎದುರಿಗೆ ಕುಳಿತಿದ್ದ ಹಿರಿಯರೊಬ್ಬರು, "ಯಾಕ್ರಿ ಸರ್, ಹಳಸ್ಯಾದೇನ್ರಿ?" ಎಂದು ಕೇಳಿ ತಮ್ಮ ತಾಟನ್ನೂ ಮೂಸಿದರು. ಅವರನ್ನು ನೋಡಿ ಅವರ ಪಕ್ಕದವರು ಮೂಸಿದರು. ಸ್ವಲ್ಪ ಹೊತ್ತಿನಲ್ಲಿ ಆ ಇಡೀ ಸಾಲು ಮೂಗು ತಗ್ಗಿಸಿ ಕುಳಿತಿತ್ತು. ಗೆಳೆಯ ಓಡಿಬಂದು, "ಏ, ಅವನಿಗೆ ಶೇಂಗಾ ಆಗಂಗಿಲ್ರಿ, ಅದಕ್ಕ ಮೂಸ್ತಾನ! ಊಟ ಚಲೋ ಅದ, ನೀವು ಉಣ್ರಿ" ಎಂದು ಕೂಗಿದ ಮೇಲೆಯೇ ಮಂದಿ ರೊಟ್ಟಿ ಮುರಿದದ್ದು.

ಶೇಂಗಾ ಆಗುವುದಿಲ್ಲ ಎಂದರೆ ಬೇರೆ ಕಡೆಯವರಿಗೆ ಅದೊಂದು ಸಣ್ಣ ಸಂಗತಿ. ಬೇಡವಾದರೆ ಬಿಟ್ಟರಾಯಿತು ಎನ್ನುತ್ತಾರೆ. ಸೇಡಂ, ಚಿತ್ತಾಪುರದ ಸೀಮೆಯಲ್ಲಿ ಹುಟ್ಟಿ ಶೇಂಗಾ ಬಿಡುವುದೆಂದರೆ ಸಮುದ್ರದ ಮೀನು ಉಪ್ಪು ಬಿಟ್ಟ ಹಾಗೆ. ರೊಟ್ಟಿಯ ಮಗ್ಗುಲಿಗೆ ಶೇಂಗಾ ಹಿಂಡಿ ಎಂಬ ಖಾರದ ಚಟ್ನಿಪುಡಿ, ಬದನೆಕಾಯಿಯ ಹೊಟ್ಟೆಯೊಳಗೆ ಶೇಂಗಾ ಪುಡಿ, ಮಂಡಕ್ಕಿ ಸುಸಲಾದಲ್ಲಿ ಹುರಿದ ಶೇಂಗಾ, ಹಬ್ಬಕ್ಕೆ ಶೇಂಗಾ ಹೋಳಿಗೆ, ಯಾವ ಹಬ್ಬವೂ ಇಲ್ಲದಿದ್ದರೆ ಸುಮ್ಮನೆ ಕಟ್ಟೆಯ ಮೇಲೆ ಕುಳಿತು ಸುಲಿದು ತಿನ್ನಲು ಶೇಂಗಾ. ಬಸ್ಸಿನಲ್ಲಿ ಕುಳಿತರೆ ಪಕ್ಕದವರು ಕೇಳದೆಯೇ ಒಂದು ಹಿಡಿ ನಮ್ಮ ಉಡಿಗೆ ಹಾಕುತ್ತಾರೆ. ಬೇಡ ಎಂದರೆ ಅವರ ಮುಖ ಸಣ್ಣದಾಗುತ್ತದೆ, ಹಾಕಿಸಿಕೊಂಡರೆ ನನ್ನ ಮುಖ ದೊಡ್ಡದಾಗುತ್ತದೆ.

ನಾನು ಬೆಳೆದದ್ದು ವಾಡಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ. ಒಣಹಾಕಿದ ಬಟ್ಟೆಯ ಮೇಲೆ ಸಿಮೆಂಟಿನ ಬಿಳಿ ಧೂಳು, ಗೂಡ್ಸ್ ಗಾಡಿ ಬಂದಾಗೊಮ್ಮೆ ಗಡಗಡ ಎನ್ನುವ ಕಿಟಕಿ. ಆಗ ಅಲರ್ಜಿ ಎನ್ನುವ ಮಾತು ನಮ್ಮ ಮನೆಯ ತನಕ ಬಂದಿರಲಿಲ್ಲ. ನನಗೆ ಆಗಾಗ ತುಟಿ ಬಾತುಕೊಳ್ಳುತ್ತಿತ್ತು, ಮೈತುಂಬ ಕೆಂಪು ಗಂದೆ ಏಳುತ್ತಿದ್ದವು. ಚಿಂಚೋಳಿ ಕಡೆಯ ನನ್ನ ಆಯಿ, ಅಂದರೆ ಅಪ್ಪನ ತಾಯಿ, ನಮ್ಮ ಜೊತೆಗೇ ಇದ್ದಳು. ಸಿಟ್ಟು ಬಂದರೆ ಅರ್ಧ ತೆಲುಗಿನಲ್ಲಿ ಬಯ್ಯುತ್ತಿದ್ದ ಗಟ್ಟಿ ಹೆಂಗಸು. ಗಂದೆ ಕಂಡ ಕೂಡಲೇ ಆಕೆ ಕರಿ ಕಂಬಳಿ ತಂದು ನನ್ನನ್ನು ಅದರೊಳಗೆ ಸುತ್ತಿ ಗಸಗಸ ತಿಕ್ಕುತ್ತಿದ್ದಳು. ಗಂದೆಯ ತುರಿಕೆ ಹೆಚ್ಚೋ ಕಂಬಳಿಯ ತುರಿಕೆ ಹೆಚ್ಚೋ ತಿಳಿಯದೆ ನಾನು ಒಳಗಿಂದ ಅರಚುತ್ತಿದ್ದೆ. ಆಮೇಲೆ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿ, "ಯಾರದೋ ಕಣ್ಣು ಬಿದ್ದದ ಕೂಸಿಗಿ" ಎನ್ನುತ್ತಿದ್ದಳು. ನನ್ನಂಥ ಸಣಕಲು, ಸಿಂಬಳಬುರುಕ ಹುಡುಗನ ಮೇಲೆ ಕಣ್ಣು ಹಾಕುವಷ್ಟು ಗತಿಗೆಟ್ಟವರು ವಾಡಿಯಲ್ಲಿ ಯಾರಿದ್ದರೋ! ಬಜಾರದ ಹಕೀಮ ಸಾಹೇಬರು ನಾಡಿ ಹಿಡಿದು, "ಗರ್ಮಿ ಆಗ್ಯಾದ ಬೇಟಾ" ಎಂದು ಗುಲಾಬಿ ಬಣ್ಣದ ಪಾನಕ ಕೊಡುತ್ತಿದ್ದರು. ಪಂಚಮಿಯ ದಿನ ಶೇಂಗಾ ಉಂಡಿ ತಿಂದು ಬಾತುಕೊಂಡಾಗ, ನಾಗಪ್ಪನಿಗೆ ಹಾಲೆರೆಯುವಾಗ ನಾನು ನಕ್ಕದ್ದೇ ಕಾರಣವೆಂದಾಯಿತು. ಕಣ್ಣು, ಗರ್ಮಿ, ನಾಗಪ್ಪ, ಎಲ್ಲರ ಮೇಲೂ ಸಂಶಯ ಬಂತು. ಶೇಂಗಾದ ಮೇಲೆ ಮಾತ್ರ ಬರಲಿಲ್ಲ. ಮನೆಮಗಳ ಹಾಗೆ ಒಳಗೆ ಓಡಾಡುವ ಕಾಳಿನ ಮೇಲೆ ಯಾರಾದರೂ ಸಂಶಯಪಡುತ್ತಾರೆಯೇ?

ಕೊನೆಗೆ ಕಂಡುಹಿಡಿದದ್ದು ಅವ್ವ. ಒಂದು ದಿನ ಆಕೆ ಮೊರದಲ್ಲಿ ಶೇಂಗಾ ಹಸನು ಮಾಡುತ್ತಿದ್ದಳು. ಹಬ್ಬವಿಲ್ಲ, ಮನೆಗೆ ಯಾರೂ ಬಂದಿಲ್ಲ, ಹೊರಗೆ ತಣ್ಣನೆಯ ಮೋಡ. ನಾನು ಮೊರದಿಂದ ಒಂದಷ್ಟು ಕಾಳು ಬಾಯಿಗೆ ಹಾಕಿಕೊಂಡೆ. ಆಕೆ ನೋಡುತ್ತಿದ್ದ ಹಾಗೆಯೇ ನನ್ನ ತುಟಿ ಎದ್ದು ನಿಂತಿತು. ಅವ್ವ ಮೊರವನ್ನು ಅಲ್ಲಿಯೇ ಬಿಟ್ಟು ನನ್ನನ್ನು ನಳದ ಹತ್ತಿರ ಎಳೆದೊಯ್ದು ಬಾಯಿ ತೊಳೆದಳು. ಸಂಜೆ ಅಪ್ಪ ಬಂದಾಗ ಬಾಗಿಲಲ್ಲೇ ಹೇಳಿದಳು:

"ಇನ್ನ ಮನ್ಯಾಗ ಶೇಂಗಾ ತರಬ್ಯಾಡ್ರಿ."

ಆಯಿ ಒಳಗಿಂದ, "ಶೇಂಗಾದಿಂದ ಏನಾಗ್ತದ? ನಾವೆಲ್ಲಾ ತಿಂದು ಕಲ್ಲಿನ್ಹಂಗ ಇಲ್ಲೇನು?" ಎಂದು ಕೂಗಿದಳು. ಅಪ್ಪ ರೈಲ್ವೆಯಲ್ಲಿ ಗ್ಯಾಂಗಮನ್. ಬಿಸಿಲಲ್ಲಿ ಹಳಿಯ ಕೆಳಗೆ ಖಡಿ ಕಲ್ಲು ತುಂಬುವ ಕೆಲಸ. ಮಧ್ಯಾಹ್ನ ಬೇವಿನ ನೆರಳಲ್ಲಿ ಕುಳಿತು ರೊಟ್ಟಿಯ ಗಂಟು ಬಿಚ್ಚಿದಾಗ ಅದರಲ್ಲಿ ಹಿಂಡಿ ಇದ್ದರೇ ಆತನಿಗೆ ಊಟ. ಮರುದಿನದಿಂದ ಆ ಗಂಟಿನಲ್ಲಿ ಬರೀ ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ. ಆತ ಅದನ್ನೇ ಒಯ್ದ.

ಆಗಿನಿಂದ ಅಪ್ಪ ಮನೆಗೆ ಬಂದ ಕೂಡಲೇ ನನ್ನನ್ನು ಎತ್ತಿಕೊಳ್ಳುತ್ತಿರಲಿಲ್ಲ. ಮೊದಲು ಹೊರಗಿನ ನಳದ ಮುಂದೆ ನಿಂತು ಕೈ, ಬಾಯಿ, ಮೀಸೆ ಎಲ್ಲ ಸಾಬೂನು ಹಚ್ಚಿ ತೊಳೆದುಕೊಳ್ಳುತ್ತಿದ್ದ. ನಾನು ಹೊಸ್ತಿಲಲ್ಲಿ ಕುಣಿಯುತ್ತ ಕಾಯುತ್ತಿದ್ದೆ. ಎಲ್ಲ ಅಪ್ಪಂದಿರೂ ಮೀಸೆ ತೊಳೆದುಕೊಂಡೇ ಮಕ್ಕಳನ್ನು ಎತ್ತಿಕೊಳ್ಳುತ್ತಾರೆಂದು ನಾನು ತಿಳಿದಿದ್ದೆ. ಪಕ್ಕದ ಕ್ವಾರ್ಟರ್ಸಿನ ಗೆಳೆಯನ ಅಪ್ಪ ಹಾಗೆಯೇ ಬಂದು ಮಗನನ್ನು ಎತ್ತಿಕೊಂಡದ್ದನ್ನು ಕಂಡು, ಇವರು ಗಲೀಜು ಮಂದಿ ಎಂದುಕೊಂಡಿದ್ದೆ.

ಅಪ್ಪ ತೀರಿಕೊಂಡಾಗ ಆತನ ಗ್ಯಾಂಗಿನ ರಸೂಲ್ ಚಾಚಾ ನಮ್ಮನ್ನು ಮಾತಾಡಿಸಲು ಬಂದಿದ್ದರು. ನನ್ನ ಕೈ ಹಿಡಿದುಕೊಂಡು ಕುಳಿತು ಹೇಳಿದರು:

"ನಿಮ್ಮಪ್ಪ ನನ್ನ ಡಬ್ಬಿದಾಗಿನ ಹಿಂಡಿ ತಿಂತಿದ್ದ. ಡ್ಯೂಟಿ ಮುಗದ ಮ್ಯಾಗ ಟೇಸನ್ನಿನ ನಳದಾಗ ಒಮ್ಮಿ ಮೀಸಿ ತಿಕ್ಕೋತಿದ್ದ. ಮನಿಗಿ ಹೋಗಿ ಮತ್ತೊಮ್ಮಿ ತಿಕ್ಕೋತೀನಿ ಅಂತಿದ್ದ. ಯಾಕೋ ಇಷ್ಟು ತಿಕ್ಕತೀ, ಮೀಸಿ ಉದರಿ ಬೀಳ್ತಾವ ಅಂತ ನಾವು ನಗ್ತಿದ್ವಿ. 'ಮಗಾ ಮುದ್ದು ಕೊಡ್ತಾನ' ಅಂತಿದ್ದ, ಅಷ್ಟೇ."

ಅಪ್ಪನನ್ನು ಮಣ್ಣು ಮಾಡುವಾಗ ಬಾರದ ಅಳು ನನಗೆ ಆಗ ಬಂತು.

ಇಷ್ಟು ಜೋಪಾನದಲ್ಲಿ ಬೆಳೆದ ನಾನು ಮುಂದೆ ಮಾಸ್ತರನಾಗಿ, ಸನ್ನತಿಯ ಹತ್ತಿರ ಭೀಮೆಯ ದಂಡೆಯ ಒಂದು ಊರಿನ ಅಳಿಯನಾದೆ. ಅಳಿಯನಾಗುವುದೆಂದರೆ ಉಣ್ಣುವ ಕೆಲಸಕ್ಕೆ ಸೇರಿಕೊಂಡ ಹಾಗೆ. ನನ್ನ ಅತ್ತೆ ಶರಣಮ್ಮ ಆ ಕೆಲಸದ ಮೇಲಧಿಕಾರಿ. ಗಂಡ ಸತ್ತ ಮೇಲೆ ಹೊಲ, ಮನೆ, ಮಗಳು, ಮಗ ಎಲ್ಲವನ್ನೂ ಒಬ್ಬರೇ ನಡೆಸಿದವರು. ಅವರ ಶೇಂಗಾ ಹಿಂಡಿಗೆ ಊರಲ್ಲಿ ಹೆಸರಿತ್ತು. ಮದುವೆಯ ಮಾತಿನಲ್ಲೇ ನಮ್ಮ ಅವ್ವ ನನ್ನ ಶೇಂಗಾದ ವಿಷಯ ಹೇಳಿದ್ದಳು. ಅತ್ತೆ ಅದನ್ನು ಕೇಳಿಸಿಕೊಂಡಿದ್ದರು, ನಂಬಿರಲಿಲ್ಲ.

"ಒಂದೀಟೇ ಹಚ್ಕೊಂಡು ನೋಡ್ರಿ ಅಳಿಯಂದ್ರೆ. ಪ್ಯಾಟಿ ಶೇಂಗಾ ಆಗಿರಲಿಕ್ಕಿಲ್ಲ ನಿಮಗ. ಇದು ನಮ್ಮ ಹೊಲದ್ದು."

"ಬ್ಯಾಡ್ರಿ ಅತ್ತಿ, ಜೀವಕ್ಕ ತ್ರಾಸ ಆಗ್ತದ."

"ಹಿಂಡಿ ತಿಂದು ಜೀವಕ್ಕ ತ್ರಾಸ ಆದವರನ್ನ ನಾ ಕಂಡಿಲ್ಲ."

ನನ್ನ ಹೆಂಡತಿ ಶಾರದಾ ತಾಟಿನ ಮೇಲೆ ಕೈ ಅಡ್ಡ ಹಿಡಿಯುತ್ತಿದ್ದಳು. ಅತ್ತೆ ಡಬ್ಬಿಯನ್ನು ಒಳಗೆ ಒಯ್ದು, ನನಗೆ ಕೇಳಿಸುವ ಹಾಗೆ, "ನಮ್ಮ ಕೈಯಾಗಿನ ಊಟ ಮಾಸ್ತರಗ ಸೇರಂಗಿಲ್ಲ" ಎಂದು ಗೋಡೆಗೆ ಹೇಳುತ್ತಿದ್ದರು. ಗೋಡೆಯೂ ಅವರ ಪಕ್ಷವೇ ಇದ್ದ ಹಾಗಿತ್ತು.

ಹೀಗಿರುವಾಗ ಒಂದು ಎಳ್ಳಮಾಸಿ, ಅಂದರೆ ಎಳ್ಳು ಅಮಾವಾಸ್ಯೆ, ಬಂತು. ಆ ದಿನ ನಮ್ಮ ಕಡೆ ಮನೆಯಲ್ಲಿ ಯಾರೂ ಉಣ್ಣುವುದಿಲ್ಲ. ಸಜ್ಜೆ ರೊಟ್ಟಿ, ಕಡುಬು, ಅಂಬಲಿ, ಹತ್ತೆಂಟು ಕಾಳು ತರಕಾರಿ ಸೇರಿಸಿ ಕುದಿಸಿದ ಭಜ್ಜಿ, ಎಲ್ಲ ಹೊತ್ತುಕೊಂಡು ಹೊಲಕ್ಕೆ ಹೋಗಿ, ಭೂಮಿತಾಯಿಗೆ ಎಡೆಯಾಗಿ ಚರಗ ಚೆಲ್ಲಿ ಅಲ್ಲೇ ಊಟ. ಆಳೆತ್ತರದ ಬಿಳಿಜೋಳ, ಅದರಾಚೆ ಹೊಳೆ, ಮೈಗೆ ಹಿತವಾದ ಬಿಸಿಲು. ಶಾರದಾ ತಿಂಗಳ ಮೊದಲೇ ತಾಯಿಗೆ ತಾಕೀತು ಮಾಡಿದ್ದಳು. ಅತ್ತೆ ಭಜ್ಜಿಯ ಗಡಿಗೆ ಇಳಿಸುತ್ತ, "ನಿಮ್ಮ ಸಲುವಾಗಿ ಶೇಂಗಾ ಹಾಕಿಲ್ಲ ನೋಡ್ರಿ. ಈ ವರ್ಷ ಭೂಮಿತಾಯಿಗೂ ನಿಮ್ಮ ಪಥ್ಯಾನೇ" ಎಂದರು. ಮಾತಿನಲ್ಲಿ ಚುಚ್ಚು ಇತ್ತು. ಆದರೂ ಅವರು ಮೊದಲ ಸಲ ನನ್ನ ಮಾತು ನಡೆಸಿಕೊಟ್ಟಿದ್ದರು. ನಾನು ಹಿಗ್ಗಿ, ಬೇಕೆಂದು ಎರಡನೆಯ ಸಲ ಭಜ್ಜಿ ಹಾಕಿಸಿಕೊಂಡೆ.

ನಡುವೆ ಬಾಜೂ ಹೊಲದ ಹೆಂಗಸು ತನ್ನ ಭಜ್ಜಿಯ ಬೋಗುಣಿ ತಂದಿದ್ದಳು. ಆ ದಿನ ಭಜ್ಜಿ ಹೊಲದಿಂದ ಹೊಲಕ್ಕೆ ಓಡಾಡುತ್ತದೆ. ಅತ್ತೆ ಅದನ್ನು ಉಳಿದವರಿಗೆ ಬಡಿಸಿ, ಅದೇ ಸೌಟನ್ನು ನಮ್ಮ ಗಡಿಗೆಗೆ ಹಾಕಿ ನನಗೆ ಬಡಿಸಿದರು. ಅವರಿಗೂ ಅದು ಲಕ್ಷ್ಯಕ್ಕೆ ಬರಲಿಲ್ಲ, ನನಗೂ ಬರಲಿಲ್ಲ. ಇನ್ನು ನನ್ನ ಹೆಸರಾಂತ ಮೂಗು? ಅದು ಚಳಿಗೆ ನೆಗಡಿಯಾಗಿ ಎರಡು ದಿನದಿಂದ ಕಟ್ಟಿಕೊಂಡಿತ್ತು.

ಮೊದಲು ಅಂಗೈ ತುರಿಸಿತು. ತುಟಿ ದಪ್ಪವಾಯಿತು. ಇದು ಪರಿಚಯದ ದಾರಿಯೇ ಎಂದುಕೊಂಡೆ. ಆದರೆ ಈ ಸಲ ಅದು ಅಲ್ಲಿಗೆ ನಿಲ್ಲದೆ ಗಂಟಲಿಗಿಳಿಯಿತು. "ಶಾರದಾ" ಎಂದು ಕರೆದೆ. ಬಂದದ್ದು ಯಾರದೋ ಧ್ವನಿ. ಉಸಿರು ಸೀಟಿ ಹಾಕತೊಡಗಿತು. ಶಾರದಾ ಮಡಿಲಲ್ಲಿದ್ದ ನಮ್ಮ ಕೂಸನ್ನು ಹಾಗೆಯೇ ಹಿಡಿದು ಎದ್ದಳು. "ಬಸೂ, ಗಾಡಿ ತಗಿ!" ಎಂದು ತಮ್ಮನಿಗೆ ಕೂಗಿದಳು. ಬಸು ಮೋಟರ್ ಸೈಕಲ್ ಚಾಲೂ ಮಾಡಿದ. ನನ್ನನ್ನು ಹಿಂದೆ ಕೂರಿಸಿದರು. ಆದರೆ ನಾನು ವಾಲುತ್ತಿದ್ದೆ, ಹಿಂದಿನಿಂದ ಹಿಡಿಯಲು ಒಬ್ಬರು ಬೇಕಿತ್ತು.

"ನೀ ಕೂಸಿನ ನೋಡು" ಎಂದು ಮಗಳಿಗೆ ಹೇಳಿ ಅತ್ತೆ ಸೀರೆ ಎತ್ತಿ ಕಟ್ಟಿ ಹತ್ತಿಯೇಬಿಟ್ಟರು. ಅದುವರೆಗೆ ಅವರು ಮೋಟರ್ ಸೈಕಲ್ ಹತ್ತಿದವರಲ್ಲ. ಅಳಿಯನ ಮುಂದೆ ತಲೆಯ ಮೇಲಿನ ಸೆರಗು ಜಾರಗೊಟ್ಟವರಲ್ಲ. ಆ ದಿನ ಎರೆ ಹೊಲದ ಹಾದಿಯಲ್ಲಿ ಆ ಸೆರಗು ಗಾಳಿಗೆ ಹಾರುತ್ತಿತ್ತು, ಅವರು ಎರಡೂ ಕೈಗಳಿಂದ ನನ್ನನ್ನು ತಬ್ಬಿ ಹಿಡಿದು ಕಿವಿಯಲ್ಲಿ ಅರಚುತ್ತಿದ್ದರು.

"ಉಸಿರು ತಗೋರಿ! ಬಿಡ್ರಿ! ತಗೋರಿ! ನಿಂದ್ರಸಬ್ಯಾಡ್ರಿ ಅಳಿಯಂದ್ರೆ, ನಿಮಗ ಕೈ ಮುಗಿತೀನಿ, ನಿಂದ್ರಸಬ್ಯಾಡ್ರಿ!"

ನಾನು ಉಸಿರಾಡುವುದನ್ನು ಮರೆತಿದ್ದೇನೆಂದು ಅವರು ತಿಳಿದಿದ್ದರೋ ಏನೋ. ಒಮ್ಮೊಮ್ಮೆ ಅನ್ನಿಸುತ್ತದೆ, ಆ ಗದರಿಕೆಗೆ ಹೆದರಿಯೇ ನನ್ನ ಎದೆ ಅಷ್ಟು ದೂರ ಕೆಲಸ ಮಾಡಿತು.

ಸರ್ಕಾರಿ ದವಾಖಾನೆಯಲ್ಲಿ ಹಬ್ಬದ ದಿನವೂ ಡಾಕ್ಟರಮ್ಮ ಇದ್ದರು. ಇನ್ನೂ ಚಿಕ್ಕ ವಯಸ್ಸಿನವರು. ನನ್ನ ಮುಖ ನೋಡಿದ ಕೂಡಲೇ ಮಲಗಿಸಿ ತೊಡೆಗೆ ಸೂಜಿ ಚುಚ್ಚಿದರು, ಮೂಗಿಗೆ ಆಕ್ಸಿಜನ್ ಹಿಡಿಸಿದರು. ಸ್ವಲ್ಪ ಹೊತ್ತಿಗೆ ಎದೆ ಗುಡುಗುಡು ಬಡಿದುಕೊಂಡು, ಮುಚ್ಚಿದ್ದ ಬಾಗಿಲನ್ನು ಯಾರೋ ಒದ್ದು ತೆರೆದ ಹಾಗೆ ಗಾಳಿ ಒಳಗೆ ಬಂತು. ಆಮೇಲೆ ಡಾಕ್ಟರಮ್ಮ ಅತ್ತೆಯ ಕಡೆ ತಿರುಗಿದರು.

"ಏನ್ ಉಂಡಿದ್ರಮ್ಮ ಇವ್ರು?"

"ನಮ್ಮ ಭಜ್ಜಿ. ಅದರಾಗ ಒಂದ್ ಕಾಳ ಶೇಂಗಾ ಇಲ್ಲವ್ವ. ಭೂಮಿತಾಯಿ ಆಣಿ."

"ಬ್ಯಾರೆದವರ ಭಜ್ಜಿ ಏನರೆ ಉಂಡ್ರಾ?"

"ಇಲ್ಲ. ಅವರದು ನಾನು..." ಅತ್ತೆಯ ಮಾತು ಅಲ್ಲೇ ನಿಂತಿತು. ತಮ್ಮ ಬಲಗೈಯನ್ನು ನೋಡಿಕೊಂಡರು. "ಸೌಟು ಒಂದೇ ಇತ್ತವ್ವ."

"ಅಷ್ಟು ಸಾಕ್ರಿ. ಕಾಳೇ ಬೇಕಂತಿಲ್ಲ. ಇವರ ಮೈ ಶೇಂಗಾನ್ನ ವಿಷ ಅಂತ ತಿಳ್ಕೊಂಡು ಜಗಳಕ್ಕ ಬೀಳ್ತದ. ಇದು ಕಣ್ಣು ಬಿದ್ದದ್ದಲ್ಲ, ಗರ್ಮಿ ಅಲ್ಲ, ನಖರಾನೂ ಅಲ್ಲ."

ಅತ್ತೆ ಬಂದು ಮಂಚದ ತುದಿಗೆ ಕುಳಿತರು. ಚಾದರದ ಮೇಲಿನಿಂದಲೇ ನನ್ನ ಕಾಲಿನ ಹೆಬ್ಬೆರಳು ಹಿಡಿದುಕೊಂಡರು. "ನಖರಾ ಅಂತೇ ತಿಳ್ದಿದ್ದೆ ನಾ" ಎಂದರು. ಮಾತು ಬಾರದ ನಾನು ಇರಲಿ ಬಿಡಿ ಎಂದು ಕೈ ಆಡಿಸಿದೆ. ಅವರು ಅದನ್ನು ನೀರು ಬೇಕೆಂದು ತಿಳಿದು ಓಡಿಹೋದರು.

ಡಾಕ್ಟರಮ್ಮ ನನ್ನನ್ನು ಒಂದು ದಿನದ ನಿಗಾಕ್ಕೆ ದೊಡ್ಡ ದವಾಖಾನೆಗೆ ಕಳಿಸಿದರು. ಆಮೇಲೆ ನಮ್ಮನ್ನು ಕರೆಸಿ, ಆ ಸೂಜಿಯ ಔಷಧ ಸದಾ ಜೊತೆಗಿರಬೇಕು, ಮನೆಯವರಿಗೆ ಚುಚ್ಚಲು ಬರಬೇಕು, ಚುಚ್ಚಿದ ಮೇಲೂ ದವಾಖಾನೆಗೆ ಬರಲೇಬೇಕು ಎಂದು ತಿಳಿಸಿ ಕಲಿಸಿದರು. ಶಾರದಾ ಮನೆಯಲ್ಲಿ ಸಿರಿಂಜಿಗೆ ನೀರು ತುಂಬಿ ಕುಂಬಳಕಾಯಿಯ ಮೇಲೆ ರೂಢಿ ಮಾಡಿದಳು. ಪಕ್ಕದಲ್ಲಿ ಕುಳಿತ ಅತ್ತೆ, "ಇನ್ನಾ ಗಟ್ಟಿ ಚುಚ್ಚು, ನಿನ ಗಂಡನ ತೊಡಿ ಇಷ್ಟು ಮೆತ್ತಗಿಲ್ಲ" ಎಂದು ಹುರಿದುಂಬಿಸುತ್ತಿದ್ದರು. ಆ ದಿನ ಕುಂಬಳಕಾಯಿಯ ಸಾರನ್ನು ನಾನು ಸ್ವಲ್ಪ ಮರ್ಯಾದೆಯಿಂದಲೇ ಉಂಡೆ.

ನಿಜವಾದ ತೊಂದರೆ ಶುರುವಾದದ್ದು ಆಮೇಲೆ. ನಂಬದಿದ್ದ ಅತ್ತೆಗಿಂತ ನಂಬಿದ ಅತ್ತೆ ಭಯಂಕರ. ನನ್ನ ಸೌಟು, ಬೋಗುಣಿ, ತಾಟುಗಳಿಗೆ ಗೋಡೆಯಲ್ಲಿ ಬೇರೆ ಮಾಡ ಆಯಿತು. ಯಾರಾದರೂ ಆ ಸೌಟು ಮುಟ್ಟಿದರೆ ಬೈಗುಳ. ಲಗ್ನದ ಮನೆಗೆ ಹೋದರೆ ಅತ್ತೆ ಮೊದಲು ಹೊಗುತ್ತಿದ್ದುದು ಅಡುಗೆಯವರ ಪೆಂಡಾಲಿಗೆ. "ಎಣ್ಣಿ ಯಾವುದು? ಬದನಿಕಾಯಿಗಿ ಏನ್ ತುಂಬೀರಿ? ಕೈ ತೊಳಕೊಂಡೀರಿ?" ಒಮ್ಮೆ ಸೇಡಂನಲ್ಲಿ ಬಂಧುಗಳ ಲಗ್ನ. ಊಟದ ಹೊತ್ತಿಗೆ ಆಹೇರಿಯ ಉಡುಗೊರೆ ಕೊಟ್ಟವರ ಹೆಸರು ಓದುತ್ತಿದ್ದ ಮೈಕು ಇದ್ದಕ್ಕಿದ್ದ ಹಾಗೆ ಸುಮ್ಮನಾಗಿ ಆಮೇಲೆ ಗಂಟಲು ಸರಿಮಾಡಿಕೊಂಡಿತು: "ಬಡಿಸೋರು ಲಕ್ಷ್ಯ ಕೊಡ್ರಿ. ಶರಣಮ್ಮನವರ ಅಳಿಯಂದ್ರು ಕಂಬದ ಹತ್ರ ಕುಂತಾರ, ನೀಲಿ ಅಂಗಿ. ಅವರಿಗಿ ಶೇಂಗಾ ಹಾಕಬ್ಯಾಡ್ರಿ." ಮಂಟಪದಲ್ಲಿದ್ದ ಮದುಮಗನೂ ಎದ್ದು ನಿಂತು ನನ್ನನ್ನು ನೋಡಿದ.

ಆದರೆ ಇದೇ ಅತ್ತೆ ಇನ್ನೊಂದು ಕೆಲಸವನ್ನೂ ಮಾಡಿದರು. ಡಾಕ್ಟರಮ್ಮನನ್ನು ಕೇಳಿಕೊಂಡು, ಹುಚ್ಚೆಳ್ಳು ಎಂದೂ ಕರೆಯುವ ಗುರೆಳ್ಳು ಹುರಿದು, ಬೆಳ್ಳುಳ್ಳಿ, ಕೆಂಪು ಖಾರ, ಉಪ್ಪು ಹಾಕಿ ಹೊಸ ಹಿಂಡಿ ಕುಟ್ಟಿದರು. ಮೊದಲನೆಯದು ಕಹಿಯಾಯಿತು. ಎರಡನೆಯದು ಹೊತ್ತಿತು. ಮೂರನೆಯದನ್ನು ನನ್ನ ತಾಟಿಗೆ ಹಾಕಿ, ಎಣ್ಣೆ ಬಿಟ್ಟು, ಬಾಗಿಲಿಗೆ ಒರಗಿ ನಿಂತು, "ಉಣ್ರಿ" ಎಂದರು. ಚಿಕ್ಕಂದಿನಿಂದ ಬೇರೆಯವರ ತಾಟಿನಲ್ಲಿ ನೋಡುತ್ತಿದ್ದುದನ್ನು ನಾನು ಹೀಗೆ, ಮಕ್ಕಳೊಂದಿಗನಾದ ಮೇಲೆ, ರೊಟ್ಟಿಗೆ ಹಚ್ಚಿಕೊಂಡು ಉಂಡೆ.

ಈಗ ನಾನು ಕೋಡ್ಲಾದ ಕಡೆಯ ಒಂದು ಸರ್ಕಾರಿ ಶಾಲೆಯಲ್ಲಿದ್ದೇನೆ. ಮಧ್ಯಾಹ್ನದ ಊಟದ ಜೊತೆ ವಾರದಲ್ಲಿ ಕೆಲವು ದಿನ ಮಕ್ಕಳಿಗೆ ಮೊಟ್ಟೆ ಕೊಡುತ್ತಿದ್ದರು, ಮೊಟ್ಟೆ ತಿನ್ನದವರಿಗೆ ಶೇಂಗಾ ಚಿಕ್ಕಿ. ಕಳೆದ ವರ್ಷ ಐದನೆಯ ತರಗತಿಯ ಭಾಗ್ಯಶ್ರೀ ಎಂಬ ಹುಡುಗಿ ಚಿಕ್ಕಿಯ ಒಂದು ಚೂರು ಕಚ್ಚಿ, ಬಾಯಿ ಮುಚ್ಚಿಕೊಂಡು ಮೂಲೆಗೆ ಹೋಗಿ ಕುಳಿತಳು. ಆ ತುಟಿಯನ್ನು ನೋಡಿದ ಮೇಲೆ ನನಗೆ ಬೇರೆ ಯಾರನ್ನೂ ಕೇಳುವ ಗರಜು ಬೀಳಲಿಲ್ಲ. ದವಾಖಾನೆಗೆ ಒಯ್ದೆವು, ಬೇಗ ಸುಧಾರಿಸಿದಳು. ಆದರೆ ಮನೆಗೆ ಹೋಗಿ ಹೇಳಿದರೆ ಆಕೆಯನ್ನು ಸಾಕಿದ್ದ ಆಯಿ ಒಪ್ಪಲಿಲ್ಲ.

"ಶೇಂಗಾಕ್ಕ ಯಾಕ್ ಹೆಸರಿಡ್ತೀರಿ ಸರ್? ಪೋರಿ ಮ್ಯಾಗ ಕಣ್ಣು ಬಿದ್ದಾವ. ಮನ್ಯಾಗ ಹಿಂಡಿ ಬಿಟ್ಟು ನಾವೇನ್ ಮಣ್ಣು ತಿನ್ನದಾ?"

ನಾನು ಮಾಸ್ತರ. ತಿಳಿಸಿ ಹೇಳುವುದೇ ನನ್ನ ಉದ್ಯೋಗ. ಎಷ್ಟು ತಿಳಿಸಿದರೂ ಆ ಮುದುಕಿ ಜಪ್ಪೆನ್ನಲಿಲ್ಲ. ಕೊನೆಗೆ ಊರಿಗೆ ಫೋನು ಹಚ್ಚಿ ಅತ್ತೆಯನ್ನು ಕರೆಸಿದೆ.

ಅತ್ತೆ ಬಸುವಿನ ಮೋಟರ್ ಸೈಕಲ್ಲಿನ ಮೇಲೆ ಬಂದಿಳಿದರು. ಶಾಲೆಯ ಪಡಸಾಲೆಯಲ್ಲಿ ಭಾಗ್ಯಶ್ರೀಯ ಆಯಿಯ ಮಗ್ಗುಲಿಗೆ ಕುಳಿತು, ಎಲೆಯಡಿಕೆ ಚೀಲ ಬಿಚ್ಚಿ, ಮಳೆ, ಬೆಳೆ, ಮೊಣಕಾಲು ಎಲ್ಲ ಮಾತಾಡಿದರು. ಆಮೇಲೆ ದನಿ ತಗ್ಗಿಸಿದರು.

"ನಾನೂ ನಿನ್ನಂಗೇ ಅಂದಿದ್ನೆವ್ವ. ಈ ಮಾಸ್ತರನ ನೋಡು. ನನ ಕೈಲೆ ಉಣಿಸಿ, ನನ ಕೈಯಾಗೇ ಹೋಗ್ತಿದ್ದ. ಇವನ ಉಸಿರು ಸೀಟಿ ಹೊಡಿಯದು ನನ್ನ ಎದಿಗಿ ಹತ್ತಿ ಕೇಳಸ್ತಿತ್ತು. ನನ ಮಗಳು ಕೂಸಿನ ಎತ್ಕೊಂಡು ಹೊಲದಾಗ ನಿಂತಿದ್ಳು. ಆ ದಾರಿ ನಿನಗ ಬ್ಯಾಡ."

ಆ ಮುದುಕಿ ನನ್ನನ್ನು ಕಾಲಿನಿಂದ ತಲೆಯ ತನಕ ನೋಡಿದಳು. ಆಮೇಲೆ ಕೇಳಿದಳು: "ಹಂಗಾರ ರೊಟ್ಟಿಗಿ ಏನ್ ಹಚ್ಕೋಬೇಕು?"

ಅತ್ತೆ ಕಾಯುತ್ತಿದ್ದುದೇ ಅದಕ್ಕೆ. ಗುರೆಳ್ಳು ಎಷ್ಟು ಹುರಿಯಬೇಕು, ಯಾವಾಗ ಇಳಿಸಬೇಕು, ಬೆಳ್ಳುಳ್ಳಿ ಹಸಿದೋ ಸುಟ್ಟದ್ದೋ ಎಂಬ ಮಾತು ಶುರುವಾಯಿತು. ಇಬ್ಬರಿಗೂ ನನ್ನ ನೆನಪೇ ಹೋಯಿತು. ಡಾಕ್ಟರರು ತಮ್ಮೆದುರಿಗೇ ತಿನ್ನಿಸಿ ನೋಡಿ, ಆ ಹುಡುಗಿಗೆ ಗುರೆಳ್ಳಿನಿಂದ ತೊಂದರೆಯಿಲ್ಲವೆಂದು ಹೇಳಿದ ಮೇಲೆ, ಒಂದು ಮಧ್ಯಾಹ್ನ ಅದೇ ಪಡಸಾಲೆಯಲ್ಲಿ ಅತ್ತೆ ಡಬ್ಬಿ ತೆರೆದರು. ಚಿಕ್ಕಿಯ ಬದಲು ಬಾಳೆಹಣ್ಣು ತಿನ್ನುತ್ತಿದ್ದ ಮಕ್ಕಳೆಲ್ಲ ಸುತ್ತ ಬಂದು ನಿಂತರು.

ಭಾಗ್ಯಶ್ರೀ ರೊಟ್ಟಿಯ ಚೂರಿಗೆ ಹಿಂಡಿ ಹಚ್ಚಿ ಬಾಯಿಗಿಟ್ಟಳು. ಅಗಿದಳು. ಇದ್ದಕ್ಕಿದ್ದ ಹಾಗೆ ಆಕೆಯ ಮುಖ ಕೆಂಪಾಯಿತು. ಕಣ್ಣಲ್ಲಿ ನೀರು ಬಂತು. ಬಾಯಿ ತೆರೆದು ಹಾ ಹಾ ಎಂದು ಉಸಿರೆಳೆಯತೊಡಗಿದಳು. ಆಕೆಯ ಆಯಿ ಎದೆ ಬಡಿದುಕೊಂಡಳು. ಅತ್ತೆಯ ಕೈಯಿಂದ ಡಬ್ಬಿ ಜಾರಿತು. ನಾನು ದವಾಖಾನೆಗೆ ಫೋನು ಹಚ್ಚುತ್ತ, "ಏನಾತವ್ವಾ, ಗಂಟಲು ಹಿಡ್ಯಾಕತ್ತಾದೇನು?" ಎಂದು ಕೂಗಿದೆ.

ಹುಡುಗಿ ಎರಡೂ ಕೈಗಳಿಂದ ಕಣ್ಣೊರೆಸಿಕೊಂಡು, ನಮ್ಮ ಮೂವರನ್ನೂ ಬೆರಗಿನಿಂದ ನೋಡಿ, ರೊಟ್ಟಿಯನ್ನು ಮುಂದೆ ಹಿಡಿದಳು.

"ಏನಾಗಿಲ್ರಿ ಸರ್, ಖಾರ ಭಾಳ ಅದ. ಇನ್ನೊಂದೀಟು ಹಾಕ್ರಿ."